ಮಗಳನ್ನು ಕರೆತರಲು ಹೋದ ಆ ಅರ್ಧ ಗಂಟೆ: ಮೆಡಿಕಲ್ ಸ್ಟೋರ್ ನಡೆಸುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ನಮ್ಮದು ಸಣ್ಣ ಮೆಡಿಕಲ್ ಸ್ಟೋರ್. ಶುರು ಮಾಡಿ 11 ವರ್ಷ ಆಯ್ತು. ಲೈಸೆನ್ಸ್ ನಮ್ಮನೆಯವರ ಹೆಸರಿನಲ್ಲಿದೆ. ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮಾಡಿರುವುದು ನಾನು, ಹಾಗಾಗಿ ಫಾರ್ಮಸಿಸ್ಟ್ ಅಂತ ನನ್ನ ಹೆಸರಿದೆ. ಕಳೆದ ತಿಂಗಳು ಒಂದು ದಿನ ಮೂರೂವರೆಗೆ ಮಗಳನ್ನು ಸ್ಕೂಲಿನಿಂದ ಕರೆತರಲು ಹೋಗಿದ್ದೆ. ಅದೇ ಹೊತ್ತಿಗೆ ಡ್ರಗ್ ಇನ್‌ಸ್ಪೆಕ್ಟರ್ ಬಂದರು. ನಮ್ಮನೆಯವರು ಯಾರಿಗೋ ಜ್ವರಕ್ಕೆ ಅಂತ ಡಾಕ್ಟರ ಚೀಟಿ ಇಲ್ಲದೆ ಸೆಫಿಕ್ಸಿಮ್ 200 ಅನ್ನುವ ಆ್ಯಂಟಿಬಯಾಟಿಕ್ ಕೊಡುತ್ತಿದ್ದರಂತೆ. ಇಂಥ ಬಿಗಿ ನಿಯಮದ ಔಷಧಗಳ ಮಾರಾಟ ಬರೆಯುವ ಎಚ್1 ರಿಜಿಸ್ಟರ್‌ನಲ್ಲಿ ಎರಡು ತಿಂಗಳಿಂದ ಏನೂ ಬರೆದಿರಲಿಲ್ಲ. ಇನ್‌ಸ್ಪೆಕ್ಷನ್ ಪುಸ್ತಕದಲ್ಲಿ ಎಲ್ಲ ಬರೆದು ಹೋದರು. ಈಗ ಶೋಕಾಸ್ ನೋಟಿಸ್ ಬಂದಿದೆ, 15 ದಿನ ಟೈಮ್ ಕೊಟ್ಟಿದ್ದಾರೆ. ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಲೈಸೆನ್ಸ್ ಕ್ಯಾನ್ಸಲ್ ಗ್ಯಾರಂಟಿ ಅಂತ ಕೆಲವರು. ಹೊಸ ಇಲಾಖೆ ಬಂದಿದೆ, ಸಣ್ಣ ಅಂಗಡಿಗಳನ್ನೆಲ್ಲ ಮುಚ್ಚಿಸುತ್ತಾರೆ, ಸಿಸಿಟಿವಿ ಹಾಕದಿದ್ದರೆ ಮುಗೀತು ಅಂತ ಇನ್ನು ಕೆಲವರು. ಒಬ್ಬರು ತಿಂಗಳಿಗೆ 6 ಸಾವಿರಕ್ಕೆ ಇನ್ನೊಂದು ಫಾರ್ಮಸಿಸ್ಟ್ ಸರ್ಟಿಫಿಕೇಟ್ ಕೊಡಿಸುತ್ತೇನೆ, ನೀವಿಲ್ಲದಾಗ ಅದು ಕಾಯುತ್ತದೆ ಅಂದಿದ್ದಾರೆ. ಪರಿಚಯದ ಡಾಕ್ಟರ ಹತ್ತಿರ ಹಳೆಯ ತಾರೀಖಿನ ಚೀಟಿ ಬರೆಸಿಕೊಳ್ಳಿ ಅಂತಲೂ ಹೇಳಿದರು. ನಮ್ಮನೆಯವರಿಗೆ 11 ವರ್ಷದ ಅನುಭವ ಇದೆ, ಅದು ಲೆಕ್ಕಕ್ಕಿಲ್ವಾ? ಆನ್‌ಲೈನಿನಲ್ಲಿ ಎಲ್ಲರೂ ಮಾರುತ್ತಿರುವಾಗ ನಮಗೆ ಮಾತ್ರ ಯಾಕೆ ಈ ಕಾಟ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರ ಸಿಕ್ಕಿದ ದಿನವೇ ಚಿಕ್ಕದಾಗಿ ಉತ್ತರ ಕಳಿಸಿದ್ದೆ, ಗಡುವು ಮೀರಬಾರದು ಅಂತ. ಇದೇ ಕಷ್ಟದಲ್ಲಿರುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಾನು 22 ವರ್ಷ ಕೌಂಟರ್ ಹಿಂದೆ ನಿಂತವನು. ಈಗ ಸಣ್ಣ ಅಂಗಡಿಗಳಿಗೆ ಲೈಸೆನ್ಸ್ ಕಾಗದಪತ್ರ ನೋಡಿಕೊಡುತ್ತೇನೆ. ನಿಮ್ಮಂಥ ನೋಟಿಸು ಹಿಡಿದುಕೊಂಡು ಬಂದವರನ್ನು ಬಹಳ ನೋಡಿದ್ದೇನೆ.

ಮೊದಲು ಒಂದು ಮಾತು. ಶೋಕಾಸ್ ನೋಟಿಸ್ ಅಂದರೆ ಶಿಕ್ಷೆ ಅಲ್ಲ. "ಹೀಗೆ ಕಂಡಿದೆ, ನೀವೇನು ಹೇಳುತ್ತೀರಿ?" ಅಂತ ಕೇಳುವ ಕಾಗದ. ಔಷಧ ನಿಯಮಗಳ 66ನೇ ನಿಯಮದ ಪ್ರಕಾರ ಹೀಗೆ ಕೇಳದೆ ಯಾರೂ ನಿಮ್ಮ ಲೈಸೆನ್ಸ್ ಮುಟ್ಟುವ ಹಾಗಿಲ್ಲ. ಕೇಳಿದ ಮೇಲೂ ನೇರ ಕ್ಯಾನ್ಸಲ್ ಒಂದೇ ದಾರಿ ಅಲ್ಲ. ಇಷ್ಟು ದಿನ ಅಂತ ಅಮಾನತು ಮಾಡಬಹುದು. ಎಲ್ಲ ಔಷಧಕ್ಕೂ ಮಾಡಬಹುದು, ಕೆಲವಕ್ಕೆ ಮಾತ್ರವೂ ಮಾಡಬಹುದು. ನಾನು ನೋಡಿದ ಮಟ್ಟಿಗೆ, ಮೊದಲ ಸಲದ ತಪ್ಪು, ಖರೀದಿ ಬಿಲ್ ಎಲ್ಲ ಸರಿ ಇದೆ, ಮಾಲು ಸರಿ ಇದೆ, ಉತ್ತರ ನಿಜವಾಗಿದೆ ಅಂದರೆ ಎಚ್ಚರಿಕೆಗೋ ಕೆಲವು ದಿನದ ಅಮಾನತಿಗೋ ಮುಗಿದಿರುವುದೇ ಜಾಸ್ತಿ. ಆದರೆ ಇದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ನಾನು ಖಾತರಿ ಕೊಡಲಾರೆ, ಕೊಡುವವರನ್ನು ನೀವೂ ನಂಬಬೇಡಿ. ಆದೇಶ ನಿಮಗೆ ವಿರುದ್ಧ ಬಂದರೂ 3 ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಿಕೊಳ್ಳಲು ಅವಕಾಶ ಇದೆ.

ಇನ್ನೊಂದು ಸಾಧ್ಯತೆಯನ್ನೂ ಮುಚ್ಚಿಡುವುದಿಲ್ಲ. ಲೈಸೆನ್ಸಿನ ಕ್ರಮ ಬೇರೆ, ಕೋರ್ಟಿನ ಕೇಸು ಬೇರೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಇಂಥ ಉಲ್ಲಂಘನೆಗೆ 27(ಡಿ) ಕಲಂ ಹಾಕಬಹುದು. ಅದರಲ್ಲಿ 1ರಿಂದ 2 ವರ್ಷ ಜೈಲು, ಕನಿಷ್ಠ 20 ಸಾವಿರ ದಂಡ ಇದೆ. 2023ರ ಜನ ವಿಶ್ವಾಸ್ ಕಾಯ್ದೆ ಬಂದ ಮೇಲೆ ಈ ಕಲಮಿನ ಪ್ರಕರಣವನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಲೂ ದಾರಿ ಆಗಿದೆ. ಒಂದು ಸಲದ ಇಂಥ ತಪ್ಪಿಗೆ ಕೋರ್ಟಿಗೆ ಹೋದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಹೋದ ಕೇಸುಗಳಲ್ಲಿ ಹೆಚ್ಚಿನವು ಸುಳ್ಳು ದಾಖಲೆ ಸೃಷ್ಟಿಸಿದವರದ್ದು, ಇಲ್ಲವೇ ಮತ್ತು ಬರುವ ಮಾತ್ರೆ ಮಾರಿದವರದ್ದು.

ಹಾಗಾಗಿ ಹಳೆಯ ತಾರೀಖಿನ ಚೀಟಿಯ ಮಾತನ್ನು ಇವತ್ತೇ ಮರೆತುಬಿಡಿ. ಈಗ ನಿಮ್ಮ ಮೇಲೆ ಇರುವುದು ನಿಯಮ ಮೀರಿದ ದೂರು. ಸುಳ್ಳು ಚೀಟಿ ಇಟ್ಟರೆ ಅದು ನಕಲಿ ದಾಖಲೆಯ ಅಪರಾಧ. ಜೊತೆಗೆ ಪಾಪ, ಆ ಡಾಕ್ಟರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಇನ್‌ಸ್ಪೆಕ್ಟರು ಅಂದೇ ನಿಮ್ಮ ರಿಜಿಸ್ಟರಿನ ಕೊನೆಯ ಪುಟಕ್ಕೆ ಸಹಿ ಹಾಕಿಯೋ ಫೋಟೋ ತೆಗೆದುಕೊಂಡೋ ಹೋಗಿರುತ್ತಾರೆ. ಆಮೇಲೆ ತುಂಬಿದ ಸಾಲು ಎದ್ದು ಕಾಣುತ್ತದೆ.

ಈಗ ಅನುಭವದ ಪ್ರಶ್ನೆ. ಇದು ನಿಮಗೆ ಜಾಸ್ತಿ ನೋವು ಕೊಟ್ಟಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ನಿಮ್ಮ ಯಜಮಾನರಿಗೆ ಯಾವ ಮಾತ್ರೆ ಯಾವ ಖಾನೆಯಲ್ಲಿದೆ, ಯಾರ ಬಿಪಿ ಮಾತ್ರೆ ಯಾವುದು ಅಂತ ನಿಮಗಿಂತ ಚೆನ್ನಾಗಿ ಗೊತ್ತಿರಬಹುದು. ಊರವರು ಅವರನ್ನು ನಂಬುತ್ತಾರೆ, ಅದೂ ನಿಜ. ಆದರೆ ಕಾನೂನು ಅನುಭವವನ್ನು ಅಳೆಯುವುದಿಲ್ಲ, ನೋಂದಣಿಯನ್ನು ಮಾತ್ರ ನೋಡುತ್ತದೆ. ಔಷಧ ನಿಯಮಗಳ 65ನೇ ನಿಯಮ ಹೇಳುವುದು ಇಷ್ಟೇ: ಚೀಟಿ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ತಾವೇ ಕೊಡಬೇಕು, ಇಲ್ಲವೇ ಅವರ ಖುದ್ದು ನಿಗಾದಲ್ಲಿ ಕೊಡಬೇಕು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಇನ್ನೂ ಬಿಗಿ. ನೋಂದಣಿ ಇಲ್ಲದವರು ಡಾಕ್ಟರ ಚೀಟಿಗೆ ಔಷಧ ಕೊಡುವುದೇ ಅಪರಾಧ. ಮೊದಲು ಅದಕ್ಕೆ ದಂಡ 1 ಸಾವಿರ ರೂಪಾಯಿವರೆಗೆ ಮಾತ್ರ ಇತ್ತು, ಯಾರೂ ಹೆದರುತ್ತಿರಲಿಲ್ಲ. ಅದೇ ಜನ ವಿಶ್ವಾಸ್ ಕಾಯ್ದೆ ಈ ದಂಡವನ್ನು 2 ಲಕ್ಷದವರೆಗೆ ಏರಿಸಿದೆ. ಜೈಲಿನ ಅವಧಿ 6 ತಿಂಗಳಿದ್ದದ್ದು 3 ತಿಂಗಳಿಗೆ ಇಳಿದಿದೆ.

ಖುದ್ದು ನಿಗಾ ಅಂದರೆ ಏನು? ನೀವು ಕೌಂಟರ್‌ನಲ್ಲಿರುವಾಗ ಯಜಮಾನರು ಸ್ಟ್ರಿಪ್ ತೆಗೆದುಕೊಡಬಹುದು, ಬಿಲ್ ಹಾಕಬಹುದು, ದುಡ್ಡು ತಗೊಳ್ಳಬಹುದು. ಚೀಟಿ ಓದಿ, ಮಾತ್ರೆ ನೋಡಿ, ಗಿರಾಕಿಯ ಕೈಗೆ ಕೊಡುವುದು ನೀವು. ಫೋನಿನಲ್ಲಿ ಕೇಳಿ ಕೊಟ್ಟೆ, ವಿಡಿಯೋ ಕಾಲ್ ಮಾಡಿ ತೋರಿಸಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಈ ವಿಷಯದಲ್ಲಿ ಸುಪ್ರೀಂ ಕೋರ್ಟ್ ಕೂಡ ಗಟ್ಟಿಯಾಗಿ ಮಾತಾಡಿದೆ. 2022ರ ನವೆಂಬರಿನಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ, ನೋಂದಣಿ ಇಲ್ಲದವರ ಕೈಯಲ್ಲಿ ಔಷಧ ಕೊಡಿಸುವುದು ಜನರ ಆರೋಗ್ಯಕ್ಕೆ ಅಪಾಯ, ಇದನ್ನು ತಡೆಯುವುದು ರಾಜ್ಯ ಸರ್ಕಾರ ಮತ್ತು ಫಾರ್ಮಸಿ ಕೌನ್ಸಿಲಿನ ಹೊಣೆ ಅಂತ ಹೇಳಿತು. ರಾಜ್ಯಗಳು ತಪಾಸಣೆಗೆ ಬಲ ಕೊಟ್ಟಿರುವುದಕ್ಕೆ ಇಂಥ ಮಾತೂ ಒಂದು ಕಾರಣ.

ನಿಮ್ಮ ಪ್ರಕರಣದಲ್ಲಿ ಒಂದು ಸೂಕ್ಷ್ಮ ಇದೆ, ಗ್ರೂಪಿನಲ್ಲಿ ಯಾರೂ ಹೇಳಿರಲಿಕ್ಕಿಲ್ಲ. 66ನೇ ನಿಯಮದಲ್ಲಿ ಮಾಲೀಕರಿಗೆ ಒಂದು ರಕ್ಷಣೆ ಇದೆ. ತಪ್ಪು ಮಾಡಿದ್ದು ಕೆಲಸದವರು, ಅದರಲ್ಲಿ ತನ್ನ ಕುಮ್ಮಕ್ಕು ಇರಲಿಲ್ಲ, ತನಗೆ ಗೊತ್ತೂ ಇರಲಿಲ್ಲ ಅಂತ ಮಾಲೀಕ ತೋರಿಸಿಕೊಟ್ಟರೆ ಲೈಸೆನ್ಸ್ ಉಳಿಯಬಹುದು. ನಿಮಗೆ ಆ ದಾರಿ ಇಲ್ಲ. ಯಾಕೆಂದರೆ ಕೌಂಟರ್‌ನಲ್ಲಿದ್ದವರು ಲೈಸೆನ್ಸ್ ಇರುವ ಮಾಲೀಕರೇ. ಹಾಗಾಗಿ "ಹುಡುಗ ಗೊತ್ತಿಲ್ಲದೆ ಕೊಟ್ಟ" ಅಂತ ಉತ್ತರ ಬರೆಸಿಕೊಡುವವರು ಸಿಕ್ಕರೆ ಒಪ್ಪಬೇಡಿ. ಇನ್‌ಸ್ಪೆಕ್ಷನ್ ಪುಸ್ತಕದಲ್ಲಿ ಯಜಮಾನರ ಹೆಸರೇ ಇದೆ.

ಸೆಫಿಕ್ಸಿಮ್ ವಿಷಯಕ್ಕೆ ಬರೋಣ. ಎಲ್ಲ ಆ್ಯಂಟಿಬಯಾಟಿಕ್ಕೂ ಎಚ್1 ಅಂತ ಬಹಳ ಜನ ತಿಳಿದುಕೊಂಡಿದ್ದಾರೆ, ಅದು ತಪ್ಪು. ಅಮಾಕ್ಸಿಸಿಲಿನ್, ಅಜಿಥ್ರೋಮೈಸಿನ್ ಇರುವುದು ಔಷಧ ನಿಯಮಗಳ ಶೆಡ್ಯೂಲ್ ಎಚ್ ಪಟ್ಟಿಯಲ್ಲಿ. ಚೀಟಿ ಬೇಕು, ಆದರೆ ಎಚ್1 ರಿಜಿಸ್ಟರ್ ಬೇಡ. ಸೆಫಿಕ್ಸಿಮ್, ಸೆಫ್‌ಪೊಡಾಕ್ಸಿಮ್, ಲಿವೊಫ್ಲಾಕ್ಸಾಸಿನ್ ಅದಕ್ಕಿಂತ ಬಿಗಿಯಾದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಕ್ಷಯದ ಔಷಧಗಳು, ಆಲ್‌ಪ್ರಜೋಲಾಂ, ಟ್ರಮಡಾಲ್, ಕೊಡೀನ್, ಜೋಲ್ಪಿಡೆಂ ಕೂಡ ಎಚ್1. 2013ರಲ್ಲಿ ಈ ಪಟ್ಟಿ ಬಂದಾಗ 46 ಔಷಧ ಇದ್ದವು, 2014ರ ಮಾರ್ಚ್ 1ರಿಂದ ಜಾರಿಗೆ ಬಂತು. ಇವುಗಳ ಪ್ಯಾಕಿನ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಇರುತ್ತದೆ. ಗುರುತು ಹಿಡಿಯಲು ಅದೇ ಸುಲಭದ ದಾರಿ. ಇವನ್ನು ಮಾರಿದಾಗ ಬೇರೆ ರಿಜಿಸ್ಟರಿನಲ್ಲಿ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಎಷ್ಟು ಕೊಟ್ಟಿರಿ ಅಂತ ಆಗಲೇ ಬರೆಯಬೇಕು. 3 ವರ್ಷ ಇಟ್ಟುಕೊಳ್ಳಬೇಕು.

ನೋಡಿ, ಈ ರಿಜಿಸ್ಟರ್ ಸುಮ್ನೆ ಕಾಗದದ ಕೆಲಸ ಅಲ್ಲ. ನಮ್ಮ ಕಡೆ ಟೈಫಾಯ್ಡ್ ಬಂದರೆ ಡಾಕ್ಟರು ಬರೆಯುವ ಬಾಯಿಯ ಮಾತ್ರೆಗಳಲ್ಲಿ ಸೆಫಿಕ್ಸಿಮ್ ಮುಖ್ಯವಾದದ್ದು. ಜ್ವರ ಅಂತ ಬಂದವರಿಗೆ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತೇವೆ. ಆ ಜ್ವರ ವೈರಲ್ ಆಗಿದ್ದರೆ ಮಾತ್ರೆ ವ್ಯರ್ಥ. ನಿಜವಾಗಿ ಟೈಫಾಯ್ಡೇ ಆಗಿದ್ದರೆ ಇನ್ನೂ ಕಷ್ಟ, ಅರ್ಧ ಕೋರ್ಸಿಗೆ ಜ್ವರ ತಗ್ಗಿದ ಹಾಗೆ ಕಂಡು ಮತ್ತೆ ಏರುತ್ತದೆ, ಆಮೇಲೆ ಬ್ಲಡ್ ಕಲ್ಚರ್ ಮಾಡಿಸಿದರೂ ಸರಿಯಾಗಿ ಸಿಕ್ಕುವುದಿಲ್ಲ. ನಾನು ಅಂಗಡಿ ಶುರು ಮಾಡಿದ ಹೊಸದರಲ್ಲಿ ಇದನ್ನೇ ಮಾಡಿದ್ದೇನೆ. ಪಕ್ಕದ ಬೀದಿಯ ಒಬ್ಬ ಹುಡುಗನಿಗೆ ಹೀಗೇ ಎರಡು ಸಲ ಬಿಡಿ ಮಾತ್ರೆ ಕೊಟ್ಟೆ. ಹತ್ತು ದಿನದ ಮೇಲೆ ಅವನನ್ನು ಕರುಳಿನ ತೊಂದರೆಯಾಗಿ ಜಿಲ್ಲಾ ಆಸ್ಪತ್ರೆಗೆ ಸೇರಿಸಿದರು. ಬದುಕಿಕೊಂಡ. ಅವನ ತಾಯಿ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, ಆದರೆ ನನಗೆ ಅದು ಇವತ್ತಿಗೂ ಹೋಗಿಲ್ಲ. ಆವತ್ತಿನಿಂದ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿದೆ. ವ್ಯಾಪಾರ ಸ್ವಲ್ಪ ತಗ್ಗಿತು, ಒಂದೆರಡು ವರ್ಷದಲ್ಲಿ ಸರಿಹೋಯಿತು.

ಹೋಬಳಿಯಲ್ಲಿ ಸಂಜೆ ಆದ ಮೇಲೆ ಡಾಕ್ಟರೇ ಸಿಗುವುದಿಲ್ಲ, ಗಿರಾಕಿಗೆ ಏನು ಹೇಳಲಿ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸರ್ಕಾರದ ಇ-ಸಂಜೀವಿನಿಯಲ್ಲಿ ಫೋನಿನಲ್ಲೇ ಡಾಕ್ಟರ ಹತ್ತಿರ ಮಾತಾಡಿ ಚೀಟಿ ಪಡೆಯಬಹುದು, ದುಡ್ಡಿಲ್ಲ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಅಂಥ ಚೀಟಿ ನಡೆಯುತ್ತದೆ. ಇನ್ನೂ ಬಿಗಿಯಾದ ಶೆಡ್ಯೂಲ್ ಎಕ್ಸ್ ಪಟ್ಟಿಯ ಔಷಧ, ನಾರ್ಕೋಟಿಕ್ ಮತ್ತು ಸೈಕೋಟ್ರೋಪಿಕ್ (ಮತ್ತು ಬರುವ, ಮನಸ್ಸಿನ ಮೇಲೆ ಪರಿಣಾಮ ಬೀರುವ) ಔಷಧಗಳನ್ನು ಮಾತ್ರ ಹಾಗೆ ಬರೆಯುವ ಹಾಗಿಲ್ಲ. ನನ್ನ ಪರಿಚಯದ ಒಂದು ಅಂಗಡಿಯವರು ಗಿರಾಕಿಗಳಿಗೆ ಅದನ್ನು ಮಾಡಿಕೊಡುತ್ತಾರೆ. ಐದು ಹತ್ತು ನಿಮಿಷ ಹಿಡಿಯುತ್ತದೆ, ಜನ ಬೈಯುವುದಿಲ್ಲ.

ಈಗ ಗ್ರೂಪಿನ ಸುದ್ದಿಗಳು. ಹೊಸ ಇಲಾಖೆ ಅನ್ನುವುದು ನಿಜ. ನಮ್ಮ ರಾಜ್ಯದಲ್ಲಿ ಔಷಧ ನಿಯಂತ್ರಣ ಇಲಾಖೆ ಮತ್ತು ಆಹಾರ ಸುರಕ್ಷತೆಯನ್ನು 2025ರಲ್ಲಿ ಸೇರಿಸಿ ಆಹಾರ ಸುರಕ್ಷತೆ ಮತ್ತು ಔಷಧ ಆಡಳಿತ ಇಲಾಖೆ ಮಾಡಿದ್ದಾರೆ. ಆದರೆ ಇದರಿಂದ ನಿಮ್ಮ ಅಂಗಡಿಯ ಕಾನೂನು ಬದಲಾಗಿಲ್ಲ. ಔಷಧ ಕಾಯ್ದೆ ಕೇಂದ್ರದ್ದು. ಲೈಸೆನ್ಸ್ ಕೊಡುವುದು, ತಪಾಸಣೆ ಮಾಡುವುದು, ಕ್ರಮ ತಗೊಳ್ಳುವುದು ರಾಜ್ಯದ್ದು. ನಿಮ್ಮ ಲೈಸೆನ್ಸಿಗೆ ಸಹಿ ಹಾಕುವವರು ಈ ಹಿಂದಿನಂತೆ ನಿಮ್ಮ ವೃತ್ತದ ಸಹಾಯಕ ಔಷಧ ನಿಯಂತ್ರಕರೇ. ಬದಲಾದದ್ದು ತಪಾಸಣೆಯ ಬಿಗಿ. ಅದಕ್ಕೆ ಕಾರಣಗಳಿವೆ. 2023ರ ಕೊನೆಯಲ್ಲಿ ಮಂಡ್ಯದ ಕಡೆಯ ಹೆಣ್ಣು ಭ್ರೂಣಹತ್ಯೆ ಜಾಲ ಹೊರಬಿದ್ದಾಗ ಗರ್ಭಪಾತದ ಕಿಟ್‌ಗಳ ಮಾರಾಟದ ಮೇಲೆ ಕಣ್ಣು ಬಿತ್ತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು, ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತು ಮಾಡಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸೇರಿದ್ದ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಬೇಡ ಅಂತ ನಮ್ಮ ಆರೋಗ್ಯ ಇಲಾಖೆಯೂ ಸೂಚನೆ ಹೊರಡಿಸಿತು. ಇದಾದ ಮೇಲೆ ಯಾವ ಸರ್ಕಾರವೂ ಇನ್‌ಸ್ಪೆಕ್ಟರುಗಳಿಗೆ "ಸುಮ್ಮನಿರಿ" ಅನ್ನುವುದಿಲ್ಲ, ಅಲ್ವಾ? ಈ ಮೂರರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಆದರೆ ಆ ಬಿಸಿ ನಿಮ್ಮ ಬಾಗಿಲಿಗೂ ತಟ್ಟಿದೆ.

ಸಣ್ಣ ಅಂಗಡಿ ಮುಚ್ಚಿಸುವ ಸುದ್ದಿ ಹುಟ್ಟಿದ್ದು ಬೇರೆ ಕಡೆಯಿಂದ ಇರಬೇಕು ಅಂತ ನನ್ನ ಊಹೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿದ್ದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶ ಮಾಡಿತು. ನಡೆಸುತ್ತಿದ್ದವರು ಹೈಕೋರ್ಟಿಗೆ ಹೋದರು, ಜುಲೈಯಲ್ಲಿ ಧಾರವಾಡ ಪೀಠ ತಡೆ ಕೊಟ್ಟಿತು. ಅದು ಆಸ್ಪತ್ರೆ ಆವರಣದ ಕೇಂದ್ರಗಳ ಮಾತು. ಬಾಡಿಗೆ ಅಂಗಡಿಯಲ್ಲಿ ಚಿಲ್ಲರೆ ಮಾರಾಟದ 20, 21ನೇ ಫಾರಂ ಲೈಸೆನ್ಸ್ ಇಟ್ಟುಕೊಂಡು ನಡೆಸುವ ನಿಮಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಅಂಗಡಿಗೆ ಕನಿಷ್ಠ ಜಾಗ 10 ಚದರ ಮೀಟರ್ ಇರಬೇಕು, ಅದು ಹಳೆಯ ನಿಯಮ, ನಿಮಗೆ ಲೈಸೆನ್ಸ್ ಸಿಗುವಾಗಲೇ ನೋಡಿರುತ್ತಾರೆ.

ಸಿಸಿಟಿವಿ ಮಾತಿನಲ್ಲಿ ಅರ್ಧ ಸತ್ಯ ಇದೆ. ಔಷಧ ನಿಯಮಗಳಲ್ಲಿ ಕ್ಯಾಮೆರಾ ಮಾತಿಲ್ಲ. ಆದರೆ ಮಕ್ಕಳ ಕೈಗೆ ಮತ್ತಿನ ಔಷಧ ಸಿಗಬಾರದು ಅಂತ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಒತ್ತಾಯಿಸಿದ ಮೇಲೆ ಹಲವು ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಎಚ್, ಎಚ್1, ಎಕ್ಸ್ ಔಷಧ ಮಾರುವ ಅಂಗಡಿಗಳಿಗೆ ಸಿಸಿಟಿವಿ ಕಡ್ಡಾಯ ಮಾಡಿದ್ದಾರೆ. ನಿಮ್ಮ ಜಿಲ್ಲೆಯ ಆದೇಶ ಏನಿದೆ ಅಂತ ಸಹಾಯಕ ನಿಯಂತ್ರಕರ ಕಚೇರಿಯಲ್ಲಿ ಕೇಳಿ, ಪ್ರತಿ ಪಡೆದುಕೊಳ್ಳಿ. ಆದೇಶ ಇರಲಿ ಬಿಡಲಿ, ಒಂದು ಕ್ಯಾಮೆರಾ ಇದ್ದರೆ ನಿಮಗೇ ಒಳ್ಳೆಯದು. ನೀವು ಕೌಂಟರ್‌ನಲ್ಲಿದ್ದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ರಿನ್ಯೂವಲ್ ಬಗ್ಗೆಯೂ ಗ್ರೂಪಿನಲ್ಲಿ ಗೊಂದಲ ಇರುತ್ತದೆ, ಅದಕ್ಕೆ ಎರಡು ಮಾತು. 2017ರ ಅಕ್ಟೋಬರಿನ ತಿದ್ದುಪಡಿ ನಂತರ ಲೈಸೆನ್ಸಿಗೆ ಅವಧಿ ಮುಗಿಯುವುದು ಅಂತಿಲ್ಲ, ಐದು ವರ್ಷಕ್ಕೊಮ್ಮೆ ಲೈಸೆನ್ಸ್ ಉಳಿಸಿಕೊಳ್ಳುವ (ರಿಟೆನ್ಷನ್) ಶುಲ್ಕ ಕಟ್ಟಬೇಕು. ತಡವಾದರೆ ತಿಂಗಳಿಗೆ ಶೇ. 2ರಂತೆ ಸೇರುತ್ತದೆ, ಆರು ತಿಂಗಳು ಮೀರಿದರೆ ಲೈಸೆನ್ಸ್ ತಾನಾಗಿ ರದ್ದಾದಂತೆ. ನೋಟಿಸಿನ ಗಡಿಬಿಡಿಯಲ್ಲಿ ಈ ತಾರೀಖು ತಪ್ಪಿಸಿಕೊಳ್ಳಬೇಡಿ. ಫಾರ್ಮಸಿ ಕೌನ್ಸಿಲಿನಲ್ಲಿ ನಿಮ್ಮ ಸ್ವಂತ ನೋಂದಣಿ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಿ.

ಇನ್ನು ಆ 6 ಸಾವಿರದ ಸರ್ಟಿಫಿಕೇಟ್. ಇಡೀ ಪತ್ರದಲ್ಲಿ ನನಗೆ ಹೆದರಿಕೆ ಆದದ್ದು ಇದೊಂದು ಸಾಲಿಗೆ. ಇಷ್ಟು ವರ್ಷದಲ್ಲಿ ಕಾಗದದ ಫಾರ್ಮಸಿಸ್ಟ್‌ನಿಂದ ಉಳಿದ ಅಂಗಡಿ ನಾನು ನೋಡಿಲ್ಲ, ಹಾಳಾದವು ನೋಡಿದ್ದೇನೆ. ಇನ್‌ಸ್ಪೆಕ್ಟರ್ ಬಂದಾಗ ಆ ವ್ಯಕ್ತಿ ಅಂಗಡಿಯಲ್ಲಿ ಇರುವುದಿಲ್ಲ. ನೀವಿಲ್ಲದ ಅರ್ಧ ಗಂಟೆ ಖಾಲಿ ಇದ್ದದ್ದು ಖಾಲಿಯೇ ಇರುತ್ತದೆ. ಈಗ ನಿಮ್ಮ ಹತ್ತಿರ ಇರುವುದು ಒಬ್ಬ ನಿಜವಾದ ಫಾರ್ಮಸಿಸ್ಟ್, ಒಂದು ಸಲದ ಗೈರುಹಾಜರಿ. ಅದು ಕ್ಷಮಿಸಬಹುದಾದದ್ದು. ಬಾಡಿಗೆ ಸರ್ಟಿಫಿಕೇಟ್ ಸೇರಿಸಿದ ದಿನ ಅದು ಇಲಾಖೆಗೆ ಕೊಟ್ಟ ಸುಳ್ಳು ಹೇಳಿಕೆ ಆಗುತ್ತದೆ. ಆ ವ್ಯಕ್ತಿ ಬೇರೆ ಊರಿನಲ್ಲಿ ಇನ್ನೊಂದು ಅಂಗಡಿಗೋ ಕಂಪನಿಗೋ ಹೆಸರು ಕೊಟ್ಟಿರುತ್ತಾನೆ. ಅವನು ಸಿಕ್ಕಿಬಿದ್ದ ದಿನ ನಿಮ್ಮ ಅಂಗಡಿಯೂ ಪಟ್ಟಿಯಲ್ಲಿರುತ್ತದೆ. ಅವನ ಹೆಸರನ್ನು ಕೌನ್ಸಿಲ್ ರಿಜಿಸ್ಟರಿನಿಂದ ತೆಗೆದುಹಾಕಬಹುದು. ಅಂಗಡಿಯ ಫಾರ್ಮಸಿಸ್ಟ್ ನೀವೇ ಆಗಿದ್ದು ಇದಕ್ಕೆ ಒಪ್ಪಿದಿರಿ ಅಂದರೆ ನಿಮ್ಮ ಸ್ವಂತ ನೋಂದಣಿಗೂ ಪ್ರಶ್ನೆ ಏಳುತ್ತದೆ. ನೀವು ಓದಿ ಸಂಪಾದಿಸಿದ ಆ ಒಂದು ಕಾಗದದ ಮೇಲೆ ಇಡೀ ಅಂಗಡಿ ನಿಂತಿದೆ. ಅದನ್ನು ಪಣಕ್ಕಿಡಬೇಡಿ.

ಹಾಗಾದರೆ ಆ ಅರ್ಧ ಗಂಟೆಗೆ ಏನು ಮಾಡುವುದು? ನನ್ನ ಸಲಹೆ ಬಹಳ ಸರಳ, ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಶಟರ್ ಎಳೆಯಿರಿ. ಬಾಗಿಲ ಮೇಲೆ "ಬೆಳಿಗ್ಗೆ 9ರಿಂದ 1, ಮಧ್ಯಾಹ್ನ 2ರಿಂದ 3:15, ಸಂಜೆ 4ರಿಂದ 8:30" ಅಂತ ನಿಮ್ಮ ಮನೆಯ ಅನುಕೂಲ ನೋಡಿ ದೊಡ್ಡದಾಗಿ ಬರೆಸಿ ಹಾಕಿ. ಮೆಡಿಕಲ್ ಸ್ಟೋರ್ ದಿನವಿಡೀ ತೆರೆದಿರಲೇಬೇಕು ಅಂತ ಔಷಧ ನಿಯಮಗಳು ಹೇಳುವುದಿಲ್ಲ. ತೆರೆದಿದ್ದಾಗ ಫಾರ್ಮಸಿಸ್ಟ್ ಇರಬೇಕು, ಅಷ್ಟೇ. ಮೊದಲ ತಿಂಗಳು ಗಿರಾಕಿ ಗೊಣಗುತ್ತಾರೆ, ಒಂದಷ್ಟು ಜನ ಎದುರಿನ ಅಂಗಡಿಗೆ ಹೋಗುತ್ತಾರೆ. ಆ ನಷ್ಟ ನಿಜ, ಅಲ್ಲ ಅನ್ನುವುದಿಲ್ಲ. ಬಿಪಿ, ಶುಗರ್ ಮಾತ್ರೆಯ ಖಾಯಂ ಗಿರಾಕಿಗಳು ಮಾತ್ರ ನಿಮ್ಮ ಹೊತ್ತಿಗೆ ಹೊಂದಿಕೊಳ್ಳುತ್ತಾರೆ. ಸಣ್ಣ ಊರಿನ ಅಂಗಡಿ ನಡೆಯುವುದೇ ಅವರಿಂದ.

ವ್ಯಾಪಾರ ತಾಳುವುದಾದರೆ ನಿಜವಾಗಿ ಬಂದು ನಿಲ್ಲುವ ಇನ್ನೊಬ್ಬ ಫಾರ್ಮಸಿಸ್ಟ್ ಇಟ್ಟುಕೊಳ್ಳಿ. ದಿನಕ್ಕೆ ಮೂರು ಗಂಟೆಯೇ ಇರಲಿ. ನೇಮಕದ ಪತ್ರ, ಬ್ಯಾಂಕ್ ಮೂಲಕ ಸಂಬಳ, ಹಾಜರಿ ಪುಸ್ತಕ ಇರಬೇಕು, ಲೈಸೆನ್ಸಿನಲ್ಲಿ ಹೆಸರು ಸೇರಬೇಕು. ಫಾರ್ಮಸಿಸ್ಟ್ ಬದಲಾದರೆ ಒಂದು ತಿಂಗಳೊಳಗೆ ಇಲಾಖೆಗೆ ತಿಳಿಸಬೇಕು ಅನ್ನುವುದು ಲೈಸೆನ್ಸಿನ ಷರತ್ತು. ತಾಲೂಕಿನಲ್ಲಿ ಹೊಸದಾಗಿ ಡಿ.ಫಾರ್ಮ್ ಮುಗಿಸಿ ಕೆಲಸ ಹುಡುಕುವ ಹುಡುಗ ಹುಡುಗಿಯರು ಸಿಗುತ್ತಾರೆ, ಕಾಲೇಜಿನಲ್ಲಿ ವಿಚಾರಿಸಿ.

ನೀವಿಲ್ಲದಾಗ ಸೋಪು, ಡೈಪರ್, ಚೀಟಿ ಬೇಡದ ಮಾತ್ರೆ ಮಾತ್ರ ಮಾರುತ್ತೇವೆ ಅಂತ ಕೆಲವರು ಮಾಡುತ್ತಾರೆ. ಕಾಗದದ ಮೇಲೆ ಇದಕ್ಕೆ ಸ್ವಲ್ಪ ಜಾಗ ಇದೆ, ನಡೆಸುವುದು ಕಷ್ಟ. ಪರಿಚಯದವರು ಬಂದು "ಅಣ್ಣಾ, ಒಂದು ಸ್ಟ್ರಿಪ್ ಕೊಡಿ" ಅಂದರೆ ನಿಮ್ಮ ಯಜಮಾನರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಮೊನ್ನೆ ಆದದ್ದೂ ಅದೇ ತಾನೆ? ಈ ನೋಟಿಸ್ ಇತ್ಯರ್ಥ ಆಗುವವರೆಗಂತೂ ಇದನ್ನು ಮಾಡಬೇಡಿ.

ದೂರದ ದಾರಿಯೊಂದಿದೆ. ಯಜಮಾನರು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಅಥವಾ ಗಣಿತ ಓದಿದ್ದರೆ ಡಿ.ಫಾರ್ಮ್ ಸೇರಬಹುದು. ಎರಡು ವರ್ಷದ ಓದು, 500 ಗಂಟೆಯ ತರಬೇತಿ, ಈಗ ನೋಂದಣಿಗೆ ಮೊದಲು ಎಕ್ಸಿಟ್ ಪರೀಕ್ಷೆಯೂ ಇದೆ. ಹಾಜರಿ ಇಲ್ಲದೆ ಪಾಸು ಮಾಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಆ 11 ವರ್ಷದ ಅನುಭವ ನಿಜವಾಗಿ ಬೆಲೆ ಬಾಳುವುದು ಆ ಓದಿನಲ್ಲಿ. ನಲವತ್ತು ದಾಟಿದ ಮೇಲೆ ಓದಿ ಪಾಸಾದ ಇಬ್ಬರು ನನಗೆ ಗೊತ್ತು.

ಆನ್‌ಲೈನ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇ-ಫಾರ್ಮಸಿಗೆ ಕರಡು ನಿಯಮ ತಂದಿತು, ಅದು ಕರಡಾಗಿಯೇ ಉಳಿದಿದೆ. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟ ನಿಲ್ಲಿಸಿ ಅಂದಿತು. 2020ರ ಕೊರೊನಾ ಕಾಲದ ಅಧಿಸೂಚನೆ ಲೈಸೆನ್ಸ್ ಇರುವ ಅಂಗಡಿಗಳಿಗೆ ಮನೆಗೆ ತಲುಪಿಸಲು ಅವಕಾಶ ಕೊಟ್ಟಿತು, ಅದರಲ್ಲೂ ಎಚ್1 ಔಷಧಗಳಿಗೆ ಅವಕಾಶ ಇರಲಿಲ್ಲ. ನಿಮಗೊಂದು ಅಳತೆ, ದೊಡ್ಡವರಿಗೊಂದು ಅಳತೆ ಆಗಿರುವುದು ಅನ್ಯಾಯವೇ. ನಿಮ್ಮ ಸಂಘದ ಮೂಲಕ ಅದನ್ನು ಗಟ್ಟಿಯಾಗಿ ಕೇಳಿ. ಆದರೆ ನೋಟಿಸಿನ ಉತ್ತರದಲ್ಲಿ ಅದನ್ನು ಬರೆಯಬೇಡಿ. ಅಲ್ಲಿ ಓದುವ ಅಧಿಕಾರಿಗೆ ನಿಮ್ಮ ಅಂಗಡಿಯ ವಿಷಯ ಮಾತ್ರ ಬೇಕು.

ಉತ್ತರ ಹೇಗಿರಬೇಕು? ಒಂದೂವರೆ ಪುಟ ಸಾಕು, ಕನ್ನಡದಲ್ಲೇ ಬರೆಯಿರಿ, ಲೈಸೆನ್ಸ್ ಯಜಮಾನರ ಹೆಸರಿನಲ್ಲಿ ಇರುವುದರಿಂದ ಸಹಿ ಅವರದ್ದು. ಅಂದು ಫಾರ್ಮಸಿಸ್ಟ್ ಮಗುವನ್ನು ಕರೆತರಲು ಹೋಗಿದ್ದರು, ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಚೀಟಿ ಇಲ್ಲದೆ ಸೆಫಿಕ್ಸಿಮ್ ಕೊಟ್ಟದ್ದು ತಪ್ಪು ಅಂತ ನೇರವಾಗಿ ಒಪ್ಪಿಕೊಳ್ಳಿ. 11 ವರ್ಷದ ಇನ್‌ಸ್ಪೆಕ್ಷನ್ ಪುಸ್ತಕದಲ್ಲಿ ಹಿಂದೆ ಇಂಥ ದೂರು ಇಲ್ಲದಿದ್ದರೆ ಆ ಪುಟಗಳ ಪ್ರತಿ ಜೊತೆಗಿಡಿ. ಆ ಬ್ಯಾಚಿನ ಸೆಫಿಕ್ಸಿಮ್ ಖರೀದಿಸಿದ ಬಿಲ್ ಇಡಿ. ಈಗ ಏನು ಸರಿಪಡಿಸಿದಿರಿ ಅನ್ನುವುದಕ್ಕೆ ಸಾಕ್ಷಿ ಇಡಿ: ಹೊತ್ತಿನ ಬೋರ್ಡಿನ ಫೋಟೋ, ಹೊಸದಾಗಿ ಬರೆಯುತ್ತಿರುವ ಎಚ್1 ರಿಜಿಸ್ಟರಿನ ಪುಟ, ಎಚ್1 ಮಾತ್ರೆಗಳಿಗೆ ಬೇರೆ ಮಾಡಿದ ಖಾನೆ. ಖುದ್ದಾಗಿ ಬಂದು ಹೇಳಲು ಅವಕಾಶ ಕೊಡಿ ಅಂತ ಕೊನೆಯಲ್ಲಿ ಕೇಳಿ. ಕಚೇರಿಗೆ ಹೋಗಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಗಡುವಿನ ಕೊನೆಯ ದಿನದವರೆಗೆ ಕಾಯಬೇಡಿ. ಕೇಸಿನ ಸೂಚನೆ ಏನಾದರೂ ಕಂಡರೆ ಮಾತ್ರ ವಕೀಲರ ಹತ್ತಿರ ಹೋಗಿ, ಅಲ್ಲಿಯವರೆಗೆ ನಿಮ್ಮ ಮಾತೇ ಸಾಕು. ಯಾರಾದರೂ "ಒಳಗೆ ಮಾತಾಡಿಸುತ್ತೇನೆ" ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಖಾಲಿ ಬಿಟ್ಟ ಆ ಎರಡು ತಿಂಗಳ ಪುಟಗಳನ್ನು ನೆನಪಿನಿಂದ ತುಂಬಬೇಡಿ. ಕೊನೆಯ ನಮೂದಿನ ಕೆಳಗೆ ಅಡ್ಡಗೆರೆ ಎಳೆಯಿರಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಬರೆದಿಲ್ಲ ಅಂತ ಒಂದು ಸಾಲು ಬರೆದು ನೀವು ಸಹಿ ಮಾಡಿ. ಅದರ ಕೆಳಗೆ ನಾಳೆ ಬೆಳಿಗ್ಗೆ ಬರುವ ಮೊದಲ ಎಚ್1 ಚೀಟಿಯನ್ನು ಬರೆಯಿರಿ.